ಒಂದು ಸೀಟು ಕಡಿಮೆ: ನ್ಯಾಟ್ ಮಾಡೆಲ್ ಕತ್ತರಿಸಿ ಕಟ್ಟಿದ್ದು

ಡಬ್ಬಿಯ ಮೇಲೆ ಕೆಂಪು ವಿಮಾನದ ಚಿತ್ರ. ಬ್ರಿಟನ್ನಿನ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್ 1965ರಿಂದ 1979ರವರೆಗೆ ಹಾರಿಸಿದ ನ್ಯಾಟ್ ಟಿ.1, ಎರಡು ಸೀಟಿನ ತರಬೇತಿ ವಿಮಾನ. ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಮಾಡೆಲ್ ಕಿಟ್, ಅಳತೆ 1/48, ಅಂದರೆ ನಿಜವಾದದ್ದರ 48ರಲ್ಲಿ ಒಂದು ಪಾಲು. ಅದನ್ನು ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡಿದ್ದಾಗ ಅಪ್ಪ ಬಂದು, ಕನ್ನಡಕ ಹಣೆಗೇರಿಸಿ, ಒಂದೊಂದೇ ತುಂಡು ಕಣ್ಣ ಹತ್ತಿರ ಹಿಡಿದು ನೋಡಿ, "ಇದು ನಮ್ಮದಲ್ಲ ಕಣೋ" ಅಂದರು.

ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಅವರ ಲೆಕ್ಕದಲ್ಲಿ "ನಮ್ಮದು" ಅಂದರೆ ಒಂದೇ ಸೀಟಿನ ನ್ಯಾಟ್, ಎಫ್.1. ಇಂಗ್ಲೆಂಡಿನ ಫೋಲಂಡ್ ಕಂಪನಿಗೆ ಟೆಡ್ಡಿ ಪೆಟ್ಟರ್ ವಿನ್ಯಾಸ ಮಾಡಿದ ವಿಮಾನ ಅದು. ಹುಟ್ಟೂರಿನಲ್ಲಿ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಅಲ್ಲಿನ ವಾಯುಪಡೆ ತೆಗೆದುಕೊಂಡಿದ್ದು ಎರಡು ಸೀಟಿನದ್ದನ್ನು. ಫೈಟರ್ ಆಗಿ ಅದಕ್ಕೆ ಬದುಕು ಸಿಕ್ಕಿದ್ದು ಭಾರತದಲ್ಲಿ, ಕಟ್ಟಿದ್ದು ಬೆಂಗಳೂರಿನಲ್ಲಿ. 1974ರವರೆಗೂ ಇಲ್ಲಿನ ಶೆಡ್ಡಿನಿಂದ ನ್ಯಾಟ್ ಹೊರಬರುತ್ತಲೇ ಇತ್ತು, ಅದರ ಆರ್ಫಿಯಸ್ ಎಂಜಿನ್ ಕೂಡ ಇಲ್ಲೇ ತಯಾರಾಯಿತು. ನ್ಯಾಟ್ ಅಂದರೆ ನಮ್ಮ ಗುಂಗುರು. ಹಲಸಿನ ಹಣ್ಣಿನ ಸುತ್ತ ಮುತ್ತಿಕೊಳ್ಳುತ್ತದಲ್ಲ, ಅದೇ.

1/72ರಲ್ಲಿ ಒಂಟಿ ಸೀಟಿನ ಕಿಟ್ ಅಂಗಡಿಯಲ್ಲೇ ಸಿಗುತ್ತದೆ, ಸ್ಪೆಷಲ್ ಹಾಬಿಯವರದ್ದು. ಬುದ್ಧಿ ಇರುವವರು ಅದನ್ನು ತಂದು ಎರಡು ಭಾನುವಾರದಲ್ಲಿ ಮುಗಿಸುತ್ತಾರೆ. ನನಗೆ ಆ ಅಳತೆಯ ಕಾಕ್‌ಪಿಟ್ ಕಣ್ಣಿಗೆ ಹತ್ತುವುದಿಲ್ಲ. ದೊಡ್ಡದೇ ಬೇಕಿತ್ತು, ಕೈಯಲ್ಲಿ ಇದ್ದದ್ದು ಈ ಟಿ.1. ಹಾಗಾಗಿ ಗರಗಸ ಹಿಡಿದೆ.

ಮೊದಲು ಲೆಕ್ಕ. ನಾನು ಕ್ಯಾಲ್ಕುಲೇಟರ್ ಹುಡುಕುವ ಹೊತ್ತಿಗೆ ಅಪ್ಪ, "1/48 ಅಂದರೆ ಅಡಿಗೆ ಕಾಲಿಂಚು, ಅದಕ್ಯಾಕೆ ಮಿಷನ್ನು?" ಅಂದರು. ಸರಿಯೇ. ಟಿ.1ರ ರೆಕ್ಕೆಯ ಅಗಲ, ತುದಿಯಿಂದ ತುದಿಗೆ, 24 ಅಡಿ, ಮಾಡೆಲ್‌ನಲ್ಲಿ ಸರಿಯಾಗಿ ಆರು ಇಂಚು. ಎಫ್.1ರದ್ದು 22 ಅಡಿ 1 ಇಂಚು, ಹತ್ತಿರ ಹತ್ತಿರ ಐದೂವರೆ. ಅಂದರೆ ಎರಡೂ ಕಡೆಯಿಂದ ಕಾಲು ಕಾಲು ಇಂಚು ಹೋಗಬೇಕು. ಉದ್ದದಲ್ಲಿ 31 ಅಡಿ 9 ಇಂಚಿನ ವಿಮಾನ 28 ಅಡಿ 8 ಇಂಚಿಗೆ ಇಳಿಯಬೇಕು. ಮಾಡೆಲ್‌ನಲ್ಲಿ ಮುಕ್ಕಾಲು ಇಂಚು ಚಿಲ್ಲರೆ, ಸುಮಾರು ಹತ್ತೊಂಬತ್ತೂವರೆ ಮಿಲಿಮೀಟರ್. ಇದರ ಮೇಲೆ ಬಾಲದ ಮೇಲೆ ನೆಟ್ಟಗೆ ನಿಂತ ಫಿನ್ನು ಕುಳ್ಳಗಾಗಬೇಕು, ರೆಕ್ಕೆಯ ಮುಂದಂಚು ಹಿಂದಂಚಿನ ನಡುವಿನ ಪಟ್ಟಿ ಸಣ್ಣದಾಗಬೇಕು, ಎಂಜಿನ್‌ಗೆ ಗಾಳಿ ನುಗ್ಗುವ ಬಾಯಿ ಇಂಟೇಕ್, ಅದರ ತುಟಿಯಲ್ಲಿ ಫಿರಂಗಿ ಮೂಡಬೇಕು. ಕಿಟ್‌ನಲ್ಲಿ ಹಾಗೇ ಬಳಸಬಹುದಾದದ್ದು ಚಕ್ರ ಮತ್ತು ಹಿಂದಿನ ಅರ್ಧ ಒಡಲು, ಅಷ್ಟೇ.

ಒಡಲನ್ನು ಎಲ್ಲಿ ಕತ್ತರಿಸುವುದು ಎಂದು ಮೂರು ದಿನ ಯೋಚಿಸಿದೆ. ಎಡ ಬಲ ಹೋಳುಗಳನ್ನು ಅಂಟಿಸದೆ ಟೇಪು ಸುತ್ತಿ ಹಿಡಿಸಿ, ಎಫ್.1ರ ನಕ್ಷೆಯ ಮೇಲೆ ಇಟ್ಟು ನೋಡಿದೆ. ಹೆಚ್ಚುವರಿ ಉದ್ದವೆಲ್ಲ ರೆಕ್ಕೆಗಿಂತ ಮುಂದೆಯೇ ಇದೆ ಎನ್ನಿಸಿತು. ಎರಡನೇ ಸೀಟು ಕೂರಬೇಕಲ್ಲ, ಅದಕ್ಕೇ. ಧೈರ್ಯ ಮಾಡಿ ಎರಡು ಸೀಟುಗಳ ನಡುವೆ ಒಂದೇ ಕಡೆ ಅಷ್ಟೂ ಅಗಲದ ಪಟ್ಟಿ ತೆಗೆಯುವ ಅಂತ ಗುರುತು ಹಾಕಿದೆ. ಪ್ಲಾಸ್ಟಿಕ್ಕಿಗೆ ಮುಂಚೆ ಕಾಗದದ ಮೇಲೆ ಕತ್ತರಿಸಿ ನೋಡಿದ್ದು ನನ್ನ ಪುಣ್ಯ: ಮುಂದಿನ ತುಂಡು ಸಣ್ಣ, ಹಿಂದಿನದು ದಪ್ಪ, ಕೂಡಿಸಿದರೆ ಸುತ್ತಲೂ ಮೆಟ್ಟಿಲು. ಆಮೇಲೆ ಪಾಲು ಮಾಡಿದೆ. 14 ಮಿ.ಮೀ. ಸೀಟುಗಳ ನಡುವಿನಿಂದ, ಉಳಿದದ್ದು ಮೂತಿಯ ಬುಡದಿಂದ. ಮೆಟ್ಟಿಲು ಅರ್ಧ ಮಿಲಿಮೀಟರಿಗೆ ಇಳಿಯಿತು, ಅದನ್ನು ಪುಟ್ಟಿ ನುಂಗುತ್ತದೆ.

ಗರಗಸ ನೇರ ಓಡಲು ಒಂದು ಉಪಾಯ. ಕತ್ತರಿಸುವ ಗೆರೆಯ ಪಕ್ಕದಲ್ಲಿ ದಪ್ಪ ವಿನೈಲ್ ಟೇಪನ್ನು ಮೂರು ಸುತ್ತು ಸುತ್ತಿ. ಅದೇ ಗೋಡೆಯಾಗಿ ನಿಂತು ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಕತ್ತರಿಸಿದ ಅಂಚನ್ನು ನಾನು ಫೈಲ್‌ನಿಂದ ಹಿಂದೆ ಮುಂದೆ ಉಜ್ಜುವುದನ್ನು ನೋಡಿ ತಡೆಯಲಾಗದೆ ಕಿತ್ತುಕೊಂಡರು. ಮುಂದಕ್ಕೆ ಹೋಗುವಾಗ ಕತ್ತರಿಸಬೇಕು, ವಾಪಸ್ ಬರುವಾಗ ಎತ್ತಬೇಕು. ಎಪ್ಪತ್ತು ದಾಟಿ ಎಷ್ಟೋ ವರ್ಷವಾದ ಆ ಕೈ ಹತ್ತು ಬಾರಿ ಆಡಿದ್ದಕ್ಕೆ ಅಂಚು ಗಾಜಿನ ಹಾಗೆ ಸಮ. ಆ ತುಂಡಿನ ಇನ್ನೊಂದು ಅಂಚು ನನ್ನದು. ಬಣ್ಣದ ಕೆಳಗೂ ಯಾವುದು ಯಾರದು ಎಂದು ನಾನು ಹೇಳಬಲ್ಲೆ.

ರೆಕ್ಕೆಯ ವಿಷಯದಲ್ಲಿ ಒಂದು ವಾರ ದಂಡವಾಯಿತು. ಕಿಟ್‌ನ ರೆಕ್ಕೆಯ ತುದಿ ಕತ್ತರಿಸಿದರೆ ಅಗಲ ಸರಿಹೋಗುತ್ತದೆ, ಆದರೆ ಮುಂದಂಚಿನಿಂದ ಹಿಂದಂಚಿನವರೆಗಿನ ಪಟ್ಟಿ ಆಗಲೂ ದೊಡ್ಡದೇ. ಹಿಂದಂಚನ್ನು ಉಜ್ಜಿದರೆ ದಪ್ಪ ಉಳಿಯುತ್ತದೆ. ದೋಸೆ ಹೆಂಚಿನ ಅಂಚಿನ ಹಾಗೆ ಕಂಡಿತು, ಎತ್ತಿಟ್ಟೆ. ಒಂದು ಮಿ.ಮೀ. ಪ್ಲಾಸ್ಟಿಕ್ ಹಾಳೆ ಎರಡು ಪದರ ಅಂಟಿಸಿ ಹೊಸ ರೆಕ್ಕೆಯನ್ನೇ ಮಾಡಿದೆ. ಮೊದಲ ಜೋಡಿ ಬೆಳಗಾಗುವಷ್ಟರಲ್ಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ತಪ್ಪು ನನ್ನದೇ. ಪ್ಲಾಸ್ಟಿಕ್ ಅಂಟಿಸುವ ನೀರಿನಂಥ ದ್ರಾವಕದ ಅಂಟನ್ನು ಎರಡು ಹಾಳೆಗಳ ನಡುವೆ ಧಾರಾಳವಾಗಿ ಹರಿಸಿ ಒತ್ತಿಟ್ಟರೆ ದ್ರಾವಕ ಹೊರಹೋಗಲು ದಾರಿ ಇರುವುದಿಲ್ಲ, ಒಳಗೇ ಕೂತು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಎರಡನೇ ಸಲ ಕೆಳಗಿನ ಹಾಳೆಗೆ ಸಣ್ಣ ಸಣ್ಣ ತೂತು ಕೊರೆದು, ಅಂಟನ್ನು ಚುಕ್ಕಿ ಚುಕ್ಕಿ ಇಟ್ಟು, ಕನ್ನಡಿಯ ಚೂರಿನ ಮೇಲೆ ಮಲಗಿಸಿ, ಮೇಲೆ ರುಬ್ಬುಗುಂಡು ಹೇರಿ ನಾಲ್ಕು ದಿನ ಮುಟ್ಟಲಿಲ್ಲ. ನೇರ ಬಂತು.

ನ್ಯಾಟ್‌ನ ಒಂದು ಉಪಕಾರ ಇಲ್ಲಿ ನೆನೆಯಬೇಕು. ಅದರ ಚಕ್ರಗಳು ಮಡಚಿಕೊಳ್ಳುವುದು ಒಡಲಿನೊಳಕ್ಕೆ, ರೆಕ್ಕೆಯೊಳಕ್ಕಲ್ಲ. ಹೀಗಾಗಿ ಹೊಸ ರೆಕ್ಕೆಯಲ್ಲಿ ಚಕ್ರದ ಗುಂಡಿ ಕೊರೆಯುವ ತಾಪತ್ರಯ ಇಲ್ಲ. ಅದರ ಮೇಲೆ ಕೊರೆಯಬೇಕಾದ ಗೆರೆಗಳು ಮಾತ್ರ ಬೇರೆ. ಟಿ.1ರ ರೆಕ್ಕೆಯ ಹಿಂದಂಚಿನಲ್ಲಿ ಒಳಗಡೆ ಫ್ಲಾಪ್ (ಇಳಿಯುವಾಗ ಕೆಳಗೆ ಬಾಗುವ ಹಲಗೆ), ಹೊರಗಡೆ ಏಲಿರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ಹಲಗೆ). ಎಫ್.1ರಲ್ಲಿ ಏಲಿರಾನ್ ಒಳಗಡೆಗೇ ಇದೆ, ಇಳಿಯುವಾಗ ಎರಡೂ ಒಟ್ಟಿಗೆ ಕೆಳಗೆ ಬಾಗಿ ಫ್ಲಾಪ್‌ನ ಕೆಲಸವನ್ನೂ ಮಾಡುತ್ತವೆ. ಟಿ.1ರ ಫೋಟೋ ನೋಡಿ ಗೆರೆ ಕೊರೆದವರ ಮಾಡೆಲ್‌ಗಳನ್ನು ನೋಡಿದ್ದೇನೆ. ನಾನೂ ಮೊದಲು ಹಾಗೇ ಕೊರೆದು, ಫೆವಿಕ್ವಿಕ್‌ಗೆ ಮುಖಕ್ಕೆ ಹಚ್ಚುವ ಪೌಡರ್ ಕಲಸಿ ಮುಚ್ಚಿ, ಮತ್ತೆ ಕೊರೆದೆ. ಈ ಕಲಸಿದ ಅಂಟು ಸಣ್ಣ ಗೆರೆ ತುಂಬಲು ಪುಟ್ಟಿಗಿಂತ ವಾಸಿ. ಆದರೆ ಗಂಟೆಯೊಳಗೆ ಉಜ್ಜಿಬಿಡಬೇಕು. ರಾತ್ರಿ ಬಿಟ್ಟರೆ ಕಲ್ಲಾಗಿ ಸುತ್ತಲಿನ ಪ್ಲಾಸ್ಟಿಕ್ಕೇ ಮೊದಲು ಸವೆಯುತ್ತದೆ.

ಹಿಂದಿನ ಸೀಟಿನ ಬಾವಿಯನ್ನು ಹಾಳೆ ಹಾಸಿ ಮುಚ್ಚಿ, ಮೇಲೆ ಎಂ-ಸೀಲ್ ಮೆತ್ತಿ ಬೆನ್ನು ಎಬ್ಬಿಸಿದೆ. ಒದ್ದೆ ಬೆರಳಿನಲ್ಲಿ ಸವರಿದರೆ ಅರ್ಧ ಉಜ್ಜುವ ಕೆಲಸ ಅಲ್ಲೇ ಮುಗಿಯುತ್ತದೆ. ಒಣಗಿದ ಮೇಲೆ 400ರ ವಾಟರ್ ಪೇಪರ್, 800, 1500, ಕೊನೆಗೆ 2000. ಲೋಹದ ಬಣ್ಣ ಹೊಡೆಯುವವರು ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ಕ್ಯಾನಪಿ, ಅಂದರೆ ಪೈಲಟ್‌ನ ತಲೆಯ ಮೇಲಿನ ಗಾಜಿನಂಥ ಮುಚ್ಚಳ, ಕಿಟ್‌ನದ್ದು ಉದ್ದನೆಯದು, ಪ್ರಯೋಜನಕ್ಕೆ ಬರಲಿಲ್ಲ. ಎಂ-ಸೀಲ್‌ನಲ್ಲೇ ಅಚ್ಚು ಮಾಡಿ, ನುಣ್ಣಗೆ ಉಜ್ಜಿ, ನೀರಿನ ಬಾಟಲಿಯ ತಳ ಕತ್ತರಿಸಿ ಒಳಗೆ ತೂರಿಸಿದೆ. ಅಚ್ಚಿನ ಹಿಂದೆ ಮರದ ತುಂಡು ಬೆಣೆಯಂತೆ ಕೊಟ್ಟು, ಹೊರಗಿನಿಂದ ಹೀಟ್ ಗನ್. ಬಾಟಲಿಯ ಪ್ಲಾಸ್ಟಿಕ್ ಬಿಸಿಗೆ ಕುಗ್ಗಿ ಅಚ್ಚಿಗೆ ಅಂಟಿಕೊಂಡಂತೆ ಕೂರುತ್ತದೆ. ಗೀರು, ಅಕ್ಷರ, ಗೆರೆ ಇಲ್ಲದ ನಯವಾದ ಬಾಟಲಿ ಬೇಕು. ಏಳನೆಯದು ಸರಿಹೋಯಿತು. ಆ ತಿಂಗಳು ಮನೆಗೆ ಯಾರು ಬಂದರೂ ಅವರ ಕೈಯಲ್ಲಿನ ಬಾಟಲಿ ಯಾವ ಆಕಾರದ್ದು ಎಂದೇ ನೋಡುತ್ತಿದ್ದೆ.

ಫಿರಂಗಿಗಳು ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ. ಎಫ್.1ರ ಎರಡು ಏಡೆನ್ ಫಿರಂಗಿಗಳು ಎರಡು ಇಂಟೇಕ್‌ಗಳ ಪಕ್ಕದಲ್ಲೇ ಹುದುಗಿವೆ. ನಳಿಗೆಯ ರಂಧ್ರ 30 ಮಿ.ಮೀ. 48ರಿಂದ ಭಾಗಿಸಿದರೆ 0.625. ಮೆಡಿಕಲ್ ಶಾಪಿನಲ್ಲಿ ಸಿಗುವ 20 ಗೇಜ್ ಸಿರಿಂಜ್ ಸೂಜಿಯ ಒಳ ರಂಧ್ರ ಹತ್ತಿರ ಹತ್ತಿರ ಅಷ್ಟೇ. ರೋಟರಿ ಟೂಲ್‌ನ ಕಟಿಂಗ್ ಡಿಸ್ಕ್‌ನಲ್ಲಿ ತುಂಡರಿಸಿ, ಇಂಟೇಕ್ ತುಟಿಯಲ್ಲಿ ಸಣ್ಣ ತೋಡು ಕೆತ್ತಿ ಕೂರಿಸಿದೆ. 1965ರ ಯುದ್ಧದಲ್ಲಿ ಈ ಫಿರಂಗಿಗಳು ಗುಂಡು ಹಾರಿಸುತ್ತಿರುವಾಗಲೇ ಸಿಕ್ಕಿಹಾಕಿಕೊಳ್ಳುತ್ತಿದ್ದವು ಎಂಬ ದೂರು ಪೈಲಟ್‌ಗಳಿಂದ ಬಂದಿತ್ತು. ಅಪ್ಪನ ಮುಂದೆ ಇದನ್ನು ಎತ್ತಿದರೆ, "ಅದು ಗನ್ನಿನ ವಿಷಯ, ಏರ್‌ಫ್ರೇಮ್ ನಮ್ಮದು" ಎಂದು ಮಾತು ಮುಗಿಸುತ್ತಾರೆ.

ಯಾವ ವಿಮಾನ ಮಾಡುವುದು? ನ್ಯಾಟ್ ಅಂದರೆ ಎಲ್ಲರಿಗೂ ನೆನಪಾಗುವುದು ಪಾಕಿಸ್ತಾನದ ಸೇಬರ್ ಫೈಟರ್‌ಗಳ ಬೇಟೆ. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್, ಮರುದಿನ ಪಠಾನಿಯಾ, 1971ರ ನವೆಂಬರ್ 22ರಂದು ಬೊಯ್ರಾದ ಮೇಲೆ ಮ್ಯಾಸಿ, ಗಣಪತಿ, ಲಾಜರಸ್, ಸೋರೆಸ್. ಅದೇ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಂಟಿಯಾಗಿ ಕಾದಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್, ವಾಯುಪಡೆಗೆ ಸಿಕ್ಕ ಏಕೈಕ ಪರಮವೀರ ಚಕ್ರ ಅವರದ್ದು. ನಾನು ಆರಿಸಿದ್ದು ಇವರ್ಯಾರದ್ದೂ ಅಲ್ಲ. ಐಇ1083. ಕೀಲರ್ ಸೇಬರ್‌ಗೆ ಗುಂಡಿಟ್ಟ ಅದೇ ದಿನ, ಪಠಾಣ್‌ಕೋಟ್‌ನಿಂದ ಎದ್ದಿದ್ದ ಈ ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿಯಿತು. ಪೈಲಟ್ ಸ್ಕ್ವಾಡ್ರನ್ ಲೀಡರ್ ಸಿಕಂದ್ ಸೆರೆಯಾದರು, ವಿಮಾನ ಈಗಲೂ ಕರಾಚಿಯ ವಾಯುಪಡೆ ಮ್ಯೂಸಿಯಂನಲ್ಲಿದೆ. ಕಾರಣ ಸರಳ. ಮ್ಯೂಸಿಯಂನಲ್ಲಿ ನಿಂತ ವಿಮಾನವನ್ನು ಜನ ಸುತ್ತ ತಿರುಗಿ ಫೋಟೋ ತೆಗೆಯುತ್ತಾರೆ. ಹೊಟ್ಟೆ, ಬಾಗಿಲು, ಕೀಲು, ಎಲ್ಲಾ ಸಿಗುತ್ತದೆ. ಬಣ್ಣಕ್ಕೆ ಮಾತ್ರ ಅವುಗಳನ್ನು ನಂಬಲಿಲ್ಲ. ಮ್ಯೂಸಿಯಂಗಳು ವಿಮಾನಕ್ಕೆ ಬಣ್ಣ ಬಳಿಯುವುದು ಗೇಟಿಗೆ ಬಳಿದ ಹಾಗೆ.

ಬಣ್ಣ ಅಂದರೆ ಬರಿ ಲೋಹ. ಕಪ್ಪು ಹೊಳಪಿನ ತಳ, ಅದರ ಮೇಲೆ ಅಲ್ಯೂಮಿನಿಯಂ ತೆಳುವಾಗಿ. ಜುಲೈ ತಿಂಗಳಲ್ಲಿ ಬೆಂಗಳೂರಿನ ಜಡಿ ಮಳೆಯಲ್ಲಿ ಲ್ಯಾಕರ್ ಹೊಡೆಯಬಾರದು ಎಂದು ಗೊತ್ತಿದ್ದೂ ಹೊಡೆದೆ. ಎಡ ರೆಕ್ಕೆ ಮಂಜು ಕವಿದ ಕಿಟಕಿಯಂತಾಯಿತು. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡರೆ ಹೀಗೇ. ಉಜ್ಜಿ ತೆಗೆದು, ಬಿಸಿಲು ಬಂದ ದಿನ ಮತ್ತೆ ಹೊಡೆದೆ. ಕೆಲವು ತಗಡುಗಳಿಗೆ ಮಾತ್ರ ಒಂದು ಹನಿ ಬೂದು ಬೆರೆಸಿದ ಛಾಯೆ ಕೊಟ್ಟೆ, ಇಲ್ಲದಿದ್ದರೆ ಸ್ಟೀಲ್ ಲೋಟದ ಹಾಗೆ ಕಾಣುತ್ತದೆ.

ವಾಯುಪಡೆಯ ದುಂಡನೆಯ ಚಕ್ರಚಿಹ್ನೆಯ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಮನೆಯಲ್ಲೇ ಪ್ರಿಂಟ್ ಮಾಡಿದೆ. ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಪಾರದರ್ಶಕ ಹಾಳೆಯ ಮೇಲೆ ಹೊಡೆದ ಕೇಸರಿ, ಲೋಹದ ಮೇಲೆ ಕೂರಿಸಿದೊಡನೆ ಕಾವಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಹಾಗಾಗಿ ಅದೇ ವ್ಯಾಸದ ಬಿಳಿ ವೃತ್ತವನ್ನು ಮೊದಲು ಏರ್‌ಬ್ರಶ್‌ನಲ್ಲಿ ಹೊಡೆದು, ಅದರ ಮೇಲೆ ಡೆಕಾಲ್ ಇಟ್ಟೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಫಿನ್‌ನ ಪಟ್ಟಿಯಲ್ಲಿ ಎರಡೂ ಬದಿ ಕೇಸರಿ ಮುಂದಕ್ಕೆ ಬರಬೇಕು. ಎರಡಕ್ಕೂ ಒಂದೇ ಚಿತ್ರ ಪ್ರಿಂಟ್ ಮಾಡಿ ಬಲಬದಿಯದ್ದು ಉಲ್ಟಾ ಆಗಿ, ಒದ್ದೆ ಇದ್ದಾಗಲೇ ಕಂಡದ್ದರಿಂದ ತಿರುಗಿಸಿ ಬಚಾವಾದೆ.

ಕಡೆಗೆ ಚಕ್ರ. ಬಾಗಿಲುಗಳನ್ನು ನಾನು ಅಂದಕ್ಕೆಂದು ಅಂಟಿಸುತ್ತಿದ್ದೆ. "ಅದೇ ಅದರ ಏರ್‌ಬ್ರೇಕು, ಹಾಗೆ ಸೊಟ್ಟ ಅಂಟಿಸಬೇಡ" ಎಂದರು ಅಪ್ಪ. ಹಾರುವಾಗ ಚಕ್ರವನ್ನು ಅರ್ಧ ಇಳಿಸಿದರೆ ಬಾಗಿಲು ಗಾಳಿಗೆ ಎದೆಕೊಟ್ಟು ವೇಗ ತಗ್ಗಿಸುತ್ತದೆ, ಪ್ರತ್ಯೇಕ ಬ್ರೇಕಿನ ಭಾರ ಬೇಡ ಅಂತ ಹಾಗೆ ಮಾಡಿದ್ದು. ಅವರಿಗೆ ಆ ವಿಮಾನದಲ್ಲಿ ಇವತ್ತಿಗೂ ಮೆಚ್ಚಿಗೆಯಾದ ವಿಷಯ ಇದೊಂದು, ಏಣಿ ಇಲ್ಲದೆ ನೆಲದ ಮೇಲೆ ನಿಂತೇ ಬಹುಪಾಲು ಕೆಲಸ ಮಾಡಬಹುದಾಗಿದ್ದದ್ದು ಇನ್ನೊಂದು.

ಎಲ್ಲ ಒಣಗಿದ ಮೇಲೆ ಕಾಲಮೇಲೆ ನಿಲ್ಲಿಸಿದೆ. ನಿಧಾನವಾಗಿ ಮೂತಿ ಮೇಲೆದ್ದು, ಬಾಲ ಮೇಜಿಗೆ ಕುಕ್ಕರಿಸಿತು. ತೂಕಕ್ಕೆಂದು ಮೂತಿಯೊಳಗೆ ಸೈಕಲ್ ಬಾಲ್ಸು ಹನ್ನೆರಡು ಹಾಕಿದ್ದೆ, ಆದರೆ ಕಿಟ್‌ನ ಉದ್ದ ಮೂತಿಯ ಲೆಕ್ಕಕ್ಕೆ. ಮೂತಿ ಮೋಟಾದ ಮೇಲೆ ಅದೇ ತೂಕ ಸಾಲದು ಎನ್ನುವುದು ತಲೆಗೇ ಹೋಗಿರಲಿಲ್ಲ. ಮುಂಚಕ್ರದ ಗುಂಡಿಯ ಒಳಗೋಡೆಗೆ ಸಣ್ಣ ತೂತು ಕೊರೆದು, ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಸಣ್ಣಗೆ ಕತ್ತರಿಸಿ ಒಂದೊಂದೇ ತಳ್ಳಿ, ಫೆವಿಕ್ವಿಕ್ ಹನಿಸಿದೆ. ಒಂಬತ್ತನೇ ಚೂರಿಗೆ ಮೂತಿ ಇಳಿಯಿತು. ಇನ್ನೆರಡು ಹೆಚ್ಚಿಗೆ ಹಾಕು, ಫ್ಯಾನ್ ಗಾಳಿ ಇದೆ, ಎಂದರು ಅಪ್ಪ. ಹಾಕಿದೆ.