ಮಂಜಾದ ಕಣ್ಣು, ಮೈಯೊಳಗಿನ ಸೋಂಕು: ಅವತ್ತೇ ಏನು ಮಾಡಬೇಕು

ಮನೆಯಲ್ಲಿ ಕಿಮೋ ನಡೆಯುತ್ತಿರುವವರು, ಕಿಡ್ನಿ ಕಸಿ ಆದವರು, ಎಚ್‌ಐವಿ ಇರುವವರು, ಶುಗರ್ ಹತೋಟಿಗೆ ಬಾರದವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಇದ್ದಾರಾ? ಅವರ ಕಣ್ಣು ಮಂಜಾದರೆ ನಾಳೆಗೆ ಬಿಡಬೇಡಿ.

ಮೂತ್ರದ ಸೋಂಕು, ಲಿವರ್‌ನಲ್ಲಿ ಕೀವು, ಬಹಳ ದಿನ ಇಟ್ಟ ಡ್ರಿಪ್ ಲೈನ್, ಹೀಗೆ ಎಲ್ಲಿಂದಲೋ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾದಂಥ ಫಂಗಸ್ ರಕ್ತ ಸೇರಿ ಕಣ್ಣಿನೊಳಗೆ ಹೋಗಿ ಕೂರುತ್ತದೆ. ಇದೇ ಎಂಡೋಜೀನಸ್ ಎಂಡಾಫ್ತಲ್ಮೈಟಿಸ್, ಅಂದರೆ ಮೈಯಿಂದ ಕಣ್ಣಿನೊಳಗೆ ಹರಡಿದ ಸೋಂಕು. ಎರಡೂ ಕಣ್ಣಿಗೆ ಬರಬಹುದು.

ನೋವು, ಕೆಂಪು ಇರಲೇಬೇಕು ಅಂತೇನಿಲ್ಲ. ಫಂಗಸ್ ಆದರೆ ಮೊದಲು ಬರೀ ಕಪ್ಪು ಚುಕ್ಕೆ ತೇಲಿದ ಹಾಗೆ ಕಾಣಬಹುದು. ಎಚ್‌ಐವಿ ಇದ್ದು ಸಿಡಿ4 ಎಣಿಕೆ (ರಕ್ತದಲ್ಲಿ ಸೋಂಕು ತಡೆಯುವ ಕಣಗಳ ಲೆಕ್ಕ) 50ಕ್ಕಿಂತ ಕೆಳಗಿಳಿದವರಿಗೆ ಸಿಎಂವಿ ಎಂಬ ವೈರಸ್ ಕಣ್ಣಿನ ಹಿಂದಿನ ಪರದೆಯನ್ನು (ರೆಟಿನಾ) ಸದ್ದಿಲ್ಲದೆ ಹಾಳು ಮಾಡಬಹುದು. ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ. ಎರಡೂ ತೆರೆದಿದ್ದರೆ ಒಳ್ಳೆ ಕಣ್ಣು ಇನ್ನೊಂದರ ತೊಂದರೆಯನ್ನು ಮುಚ್ಚಿಹಾಕುತ್ತದೆ.

ಮದ್ರಾಸ್ ಐ ಇರಬೇಕು ಅಂತ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಬೇಡಿ. ಮದ್ರಾಸ್ ಐನಲ್ಲಿ ಸಾಮಾನ್ಯವಾಗಿ ಗೀಜು ಒರೆಸಿದರೆ ನೋಟ ತಿಳಿಯಾಗುತ್ತದೆ, ಇದರಲ್ಲಿ ಆಗುವುದಿಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಆಗಿದ್ದರಂತೂ ಕೆಂಪು ಇಳಿದು, ಒಳಗೆ ಸೋಂಕು ಬೆಳೆಯುತ್ತಲೇ ಇರಬಹುದು. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ಕೂ ಬೇಡ, ಅದರಿಂದ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ರೋಗಾಣು ಸಿಗದೇ ಹೋಗಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಹಾಸನದವರು ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ, ಚಿಕ್ಕಮಗಳೂರಿನವರು ಜಿಲ್ಲಾಸ್ಪತ್ರೆಗೆ ಮೊದಲು ಹೋಗಿ. ಬೆಂಗಳೂರಿಗೋ ಮಂಗಳೂರಿಗೋ ಬರೆದುಕೊಟ್ಟರೆ, ರೆಟಿನಾ ಡಾಕ್ಟರ್ ಇದ್ದಾರಾ ಅಂತ ಫೋನ್ ಮಾಡಿ ಕೇಳಿ, ಮಳೆಗಾಲವಾದರೆ ಮಂಗಳೂರು ಕಡೆಯ ಶಿರಾಡಿ, ಚಾರ್ಮಾಡಿ ಘಾಟಿ ರಸ್ತೆ ತೆರೆದಿದೆಯಾ ಅಂತಲೂ. ಹಳೆಯ ಫೈಲ್, ಮಾತ್ರೆ ಚೀಟಿ, ಕಲ್ಚರ್ ರಿಪೋರ್ಟ್ ಜೊತೆಗಿರಲಿ.

ಕಣ್ಣಿನ ಡಾಕ್ಟರಿಗೆ ಮೈಯ ಕಥೆ ಮೊದಲು ಹೇಳಬೇಕು: "ಅಮ್ಮನಿಗೆ ಕಿಮೋ ನಡೀತಿದೆ ಸಾರ್, ಮೊನ್ನೆಯಿಂದ ಚಳಿಜ್ವರ, ಇವತ್ತು ಎಡಗಣ್ಣು ಮಂಜು." ಇಷ್ಟು ಹೇಳದಿದ್ದರೆ ಬರೀ ಕಣ್ಣಿನ ಉರಿಯೂತ ಅಂದುಕೊಳ್ಳುವ ಸಾಧ್ಯತೆ ಜಾಸ್ತಿ. ಕಿಮೋ ಡಾಕ್ಟರಿಗೂ ಅವತ್ತೇ ಫೋನ್ ಮಾಡಿ, ಸೋಂಕಿನ ಮೂಲ ಹುಡುಕುವವರು ಅವರೇ ಅಲ್ವಾ.

ಔಷಧವನ್ನು ಕಣ್ಣಿನೊಳಗೇ ಚುಚ್ಚಬೇಕಾಗಬಹುದು. ಕಣ್ಣಿಗೇ ಸೂಜಿನಾ ಅಂತ ಜನ ಹೆದರುತ್ತಾರೆ. ಮರಗಟ್ಟಿಸಿಯೇ ಚುಚ್ಚುತ್ತಾರೆ. ಬ್ಯಾಕ್ಟೀರಿಯಾಗೆ ವ್ಯಾಂಕೊಮೈಸಿನ್, ಸೆಫ್ಟಾಜಿಡಿಮ್ ಅಥವಾ ಫಂಗಸ್‌ಗೆ ವೊರಿಕೊನಜೋಲ್ ಕೊಡಬಹುದು. ರಕ್ತನಾಳಕ್ಕೆ ಕೊಟ್ಟ ಎಷ್ಟೋ ಔಷಧ ಕಣ್ಣಿನೊಳಗೆ ಸಾಕಷ್ಟು ಇಳಿಯುವುದಿಲ್ಲ, ಆದ್ದರಿಂದ ದಯವಿಟ್ಟು ಬೇಡ ಅನ್ನಬೇಡಿ. ಕೆಲವರಿಗೆ ಕಣ್ಣಿನೊಳಗಿನ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ ಆಪರೇಷನ್ ಬೇಕಾಗುತ್ತದೆ.

ಫಂಗಸ್ ಕೊಲ್ಲುವ ಮಾತ್ರೆ ವಾರಗಟ್ಟಲೆ ನಡೆಯುತ್ತದೆ. ನೋಟ ಸರಿಯಾಯಿತು ಅಂತ ಮಧ್ಯೆ ಬಿಡಬೇಡಿ, ಮುಂದಿನ ತಪಾಸಣೆಯ ತಾರೀಖು ಬರೆಸಿಕೊಂಡೇ ಹೊರಗೆ ಬನ್ನಿ.