ಫ್ರೋಜನ್ ತರಕಾರಿ ಇಂಪೋರ್ಟ್: ಬಂದ ಕಂಟೇನರನ್ನ ಬೇಡ ಅನ್ನೋಕೆ ಮೊದಲೇ ತಯಾರಾಗಿರೋದು (ನನ್ನ ಅನುಭವ)

ಬಟಾಣಿ, ಸ್ವೀಟ್ ಕಾರ್ನ್, ಬೀನ್ಸ್, ಪಾಲಕ್ ಇಂಥದ್ದನ್ನ ಫ್ರೋಜನ್ ಆಗಿ ಹೊರದೇಶದಿಂದ ತರಿಸಿ ಹೋಟೆಲು, ಕ್ಯಾಂಟೀನು, ಸೂಪರ್ ಮಾರ್ಕೆಟ್ಟುಗಳಿಗೆ ಹಂಚೋ ಕೆಲಸ ನಂದು. ಈ ಲೈನಿಗೆ ಬರ್ತೀನಿ ಅನ್ನೋರೆಲ್ಲ ಮೊದಲು ಕೇಳೋದು ಸಪ್ಲೈಯರ್ ಎಲ್ಲಿ ಸಿಗ್ತಾರೆ, ಮಾರ್ಜಿನ್ ಎಷ್ಟು ಅಂತ. ನಾನು ವಾಪಸ್ ಕೇಳೋದು ಒಂದೇ, ಬಂದ ಕಂಟೇನರನ್ನ ಬೇಡ ಅಂದ್ರೆ ನಿಮ್ಮ ಕೈಲಿ ತಡ್ಕೊಳ್ಳೋಕಾಗುತ್ತಾ? ಯಾಕಂದ್ರೆ ಸ್ಥಳೀಯವಾಗಿ ಬೆಳೆಯೋದೇ ಕಡಿಮೆ ಇರೋ ಮಾರ್ಕೆಟ್ಟಲ್ಲಿ ಒಂದು ಲೋಡ್ ಕೆಟ್ಟರೆ ಪಕ್ಕದಲ್ಲಿ ಹೋಗಿ ಇನ್ನೊಂದು ತರಕ್ಕಾಗಲ್ಲ, ಮುಂದಿನದು ಬರೋಕೆ ವಾರಗಟ್ಟಲೆ ಬೇಕು, ಅಷ್ಟರಲ್ಲಿ ಗಿರಾಕಿಗಳ ಫೋನ್ ಮೇಲೆ ಫೋನ್, ಸೇಲ್ಸ್‌ನವರು ಬಂದು "ಸ್ವಲ್ಪ ಮೆತ್ತಗಾಗಿದೆ ಅಷ್ಟೇ ಸಾರ್, ಕೋಲ್ಡ್ ರೂಮಲ್ಲಿಟ್ರೆ ಮತ್ತೆ ಗಟ್ಟಿ ಆಗುತ್ತೆ" ಅಂತಾರೆ. ಗಟ್ಟಿಯೇನೋ ಆಗುತ್ತೆ, ಆದ್ರೆ ಮಧ್ಯದಲ್ಲಿ ಅದಕ್ಕೇನಾಗಿತ್ತು ಅನ್ನೋದು ಆಮೇಲೆ ಯಾರಿಗೂ ಕಾಣ್ಸಲ್ಲ.

ಕಾಣ್ಸದೇ ಇದ್ರೆ ಏನಾಗುತ್ತೆ ಅನ್ನೋರಿಗೆ ನಾನು ಹೇಳೋದು ಯುರೋಪಿನ ಕಾರ್ನ್ ಕಥೆ. 2015ರಿಂದ 2018ರವರೆಗೆ ಐದು ದೇಶಗಳಲ್ಲಿ ಲಿಸ್ಟೀರಿಯಾ (ಊಟದ ಮೂಲಕ ಬರೋ ಒಂದು ಅಪಾಯಕಾರಿ ಬ್ಯಾಕ್ಟೀರಿಯಾ) ಕೇಸುಗಳು ಅಲ್ಲೊಂದು ಇಲ್ಲೊಂದು ಬರ್ತಾನೇ ಇದ್ವು, 2018ರ ಜೂನ್ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕಿದ್ದು 47 ಕೇಸು, 9 ಸಾವು, ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಹಂಗೇರಿಯ ಒಂದು ಫ್ರೀಜಿಂಗ್ ಪ್ಲಾಂಟು. ಬ್ಲಾಂಚ್ ಮಾಡಿರ್ತಾರಲ್ಲ (ಬಿಸಿ ನೀರಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಇಟ್ಟು ತೆಗೆಯೋದು), ಅಂದ್ರೆ ಬೆಂದಿರುತ್ತೆ ಅಂತ ತುಂಬಾ ಜನ ತಿಳ್ಕೊಂಡಿದಾರೆ. ಬ್ಲಾಂಚಿಂಗ್ ಮಾಡೋದು ಮುಖ್ಯವಾಗಿ ಎಂಜೈಮು ನಿಲ್ಲಿಸೋಕೆ, ಬಣ್ಣ ರುಚಿ ಹೋಗದೇ ಇರ್ಲಿ ಅಂತ. ಅದಾದ್ಮೇಲೆ ತಣ್ಣಗೆ ಮಾಡೋ ನೀರು, ಕನ್ವೇಯರು, ಫ್ರೀಜಿಂಗ್ ಟನಲ್ಲು ಇವೆಲ್ಲ ದಾಟಿ ಬರ್ಬೇಕಲ್ಲ, ಅಲ್ಲಿ ಮತ್ತೆ ಅಂಟಿಕೊಳ್ಳಬಹುದು. ಲಿಸ್ಟೀರಿಯಾ ಫ್ರೀಜರಲ್ಲಿ ಬೆಳೆಯಲ್ಲ, ಆದ್ರೆ ಸಾಯೋದೂ ಇಲ್ಲ, ಕರಗಿದ್ರೆ ಮಾಮೂಲಿ ಫ್ರಿಜ್ ತಂಪಲ್ಲೇ ಬೆಳೆಯೋಕೆ ಶುರು ಮಾಡುತ್ತೆ.

ಹಾಗಾಗಿ ಸಪ್ಲೈಯರ್ ಹತ್ರ ನಾನು ಕೇಳೋದು ಸರ್ಟಿಫಿಕೇಟ್ ಫೋಟೋ ಅಲ್ಲ, ಲಾಟ್ (ಒಟ್ಟಿಗೆ ತಯಾರಾದ ಒಂದು ಬ್ಯಾಚ್) ಪ್ರಕಾರ ಲ್ಯಾಬ್ ರಿಪೋರ್ಟು ಮತ್ತೆ ಬ್ಲಾಂಚರ್ ಆದ್ಮೇಲಿನ ಜಾಗಗಳಲ್ಲಿ ತೆಗೆದ ಸ್ವಾಬ್ ಟೆಸ್ಟಿನ (ಮಷೀನಿನ ಮೈ ಒರೆಸಿ ಬ್ಯಾಕ್ಟೀರಿಯಾ ಇದ್ಯಾ ಅಂತ ನೋಡೋದು) ಫಲಿತಾಂಶ. ಎರಡನೆಯದು ಕೇಳಿದ ಕೂಡ್ಲೇ ಕೆಲವರು ಉತ್ತರ ಕೊಡೋದೇ ನಿಲ್ಲಿಸ್ತಾರೆ, ಒಳ್ಳೇದೇ ಆಯ್ತು. ಗಿರಾಕಿಗಳಿಗೂ ಅಷ್ಟೇ, ಬೇಯಿಸಿ ತಿನ್ನೋಕೆ ಅಂತ ಲೇಬಲ್ ಇರೋ ಕಾರ್ನನ್ನ ಕರಗಿಸಿ ನೇರ ಸಲಾಡಿಗೆ ಹಾಕ್ಬೇಡಿ, ಒಳಗೆ 70 ಡಿಗ್ರಿಯಲ್ಲಿ 2 ನಿಮಿಷ ಆದ್ರೂ ಬಿಸಿ ಆಗ್ಬೇಕು ಅಂತ ಬರೆದೇ ಕೊಡ್ತೀವಿ.

ಪೇಪರ್ ವರ್ಕ್ ಬಗ್ಗೆ ಜಾಸ್ತಿ ಹೇಳಲ್ಲ, ಕ್ಲಿಯರಿಂಗ್ ಏಜೆಂಟ್ ಚೆನ್ನಾಗಿದ್ರೆ ನಡೆಯುತ್ತೆ. ಎರಡು ವಿಷಯ ನೀವೇ ನೋಡ್ಕೊಳ್ಳಿ: ಹಸಿ ಅಥವಾ ಬರೀ ಬೇಯಿಸಿ ಫ್ರೀಜ್ ಮಾಡಿದ ತರಕಾರಿ ಎಚ್‌ಎಸ್ (ಕಸ್ಟಮ್ಸ್‌ನವರು ಸಾಮಾನು ಗುರುತಿಸೋ ಕೋಡ್) 0710ರಲ್ಲಿ ಬರುತ್ತೆ, ಫ್ರೆಂಚ್ ಫ್ರೈಸ್ ಥರ ತಯಾರು ಮಾಡಿದ್ದು 2004 ಅನ್ನೋ ಕೋಡಲ್ಲಿ, ಡ್ಯೂಟಿ ಬೇರೆಬೇರೆ ಇರಬಹುದು. ಮರದ ಪ್ಯಾಲೆಟ್ ಇದ್ರೆ ಐಎಸ್‌ಪಿಎಂ 15 ಮುದ್ರೆ (ಮರಕ್ಕೆ ಹುಳ ಬರದ ಹಾಗೆ ಟ್ರೀಟ್ಮೆಂಟ್ ಆಗಿದೆ ಅನ್ನೋ ಗುರುತು) ಇದ್ಯಾ ಅಂತ ಲೋಡಿಂಗ್ ಫೋಟೋದಲ್ಲೇ ನೋಡ್ಬಿಡಿ, ತರಕಾರಿ ಸರಿಯಿದ್ದು ಪ್ಯಾಲೆಟ್ಟಿಗೋಸ್ಕರ ಕಂಟೇನರ್ ಪೋರ್ಟಲ್ಲಿ ನಿಂತ್ರೆ ಪ್ಲಗ್ ಚಾರ್ಜು (ಕರೆಂಟಿನ ಬಾಡಿಗೆ), ಡೆಮರೇಜು (ತಡವಾಗಿ ನಿಂತಿದ್ದಕ್ಕೆ ಕಟ್ಟೋ ದಂಡ) ಎರಡೂ ಓಡ್ತಾ ಇರುತ್ತೆ.

ಇನ್ನು ರೀಫರ್ ಕಂಟೇನರ್, ಅಂದ್ರೆ ಕೂಲಿಂಗ್ ಮಷೀನ್ ಇರೋ ಕಂಟೇನರ್. ಅದು ಫ್ರೀಜ್ ಮಾಡೋ ಮಷೀನ್ ಅಲ್ಲ, ಹಾಕಿದ ತಂಪನ್ನ ಹಾಗೇ ಕಾಯೋದಷ್ಟೇ ಅದರ ಕೆಲಸ. ಮೈನಸ್ 10ರಲ್ಲಿ ಲೋಡ್ ಮಾಡಿ ಸೆಟ್ಟಿಂಗ್ ಮೈನಸ್ 18 ಇಟ್ರೆ ದಾರಿಯಲ್ಲಿ ಸರಿಹೋಗುತ್ತೆ ಅನ್ನೋದು ನಂಬೋ ಮಾತಲ್ಲ. ಅದಕ್ಕೇ ಲೋಡಿಂಗ್ ಟೈಮಲ್ಲಿ ತರಕಾರಿಯದ್ದೇ ಟೆಂಪರೇಚರ್ ಬರೆದಿರೋ ರಿಪೋರ್ಟ್ ಬೇಕು ಅಂತ ಕಾಂಟ್ರಾಕ್ಟಲ್ಲೇ ಹಾಕಿಸ್ತೀನಿ. ಗಾಳಿ ಕೆಳಗಿನ ಟಿ ಆಕಾರದ ನೆಲದಿಂದ ಬಂದು ಮೇಲೆ ವಾಪಸ್ ಹೋಗ್ಬೇಕು, ಆದ್ದರಿಂದ ಒಳಗೋಡೆ ಮೇಲಿರೋ ಕೆಂಪು ಗೆರೆ ಮೀರಿ ಬಾಕ್ಸ್ ಜೋಡಿಸಬಾರದು, ವೆಂಟ್ (ಹೊರಗಿನ ಗಾಳಿ ಬರೋ ಕಿಂಡಿ) ಮುಚ್ಚಿರಬೇಕು. ನಮ್ಮದೇ ಲಾಗರ್ (ದಾರಿಯುದ್ದಕ್ಕೂ ಟೆಂಪರೇಚರ್ ದಾಖಲಿಸೋ ಸಾಧನ) ಒಂದನ್ನ ಮಧ್ಯದಲ್ಲಿ, ಇನ್ನೊಂದನ್ನ ಬಾಗಿಲ ಹತ್ರ ಇಡಿಸ್ತೀನಿ, ಕೂಲಿಂಗ್ ಯೂನಿಟ್ ಆ ಕಡೆ ತುದಿಯಲ್ಲಿರೋದ್ರಿಂದ ಮೊದಲು ಬಿಸಿ ಏರೋದು ಸಾಮಾನ್ಯವಾಗಿ ಬಾಗಿಲ ಹತ್ರಾನೇ. ಸಮುದ್ರದ ಮೇಲೆ ಸಾಮಾನ್ಯವಾಗಿ ಏನೂ ಆಗಲ್ಲ. ನಾನು ನೋಡಿದ ಗ್ರಾಫುಗಳಲ್ಲಿ ಏರಿಕೆ ಕಾಣೋದು ಹಡಗು ಬದಲಾಯಿಸೋ ಪೋರ್ಟಲ್ಲಿ, ಯಾರ್ಡಲ್ಲಿ ಪ್ಲಗ್ ಹಾಕೋಕೆ ತಡ ಮಾಡಿದಾಗ, ಟ್ರಕ್ಕಿಗೆ ಜನರೇಟರ್ ಇಲ್ಲದೇ ಎಳ್ಕೊಂಡು ಬಂದಾಗ, ಅಂದ್ರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋ ಟೈಮಲ್ಲಿ.

ಕಂಟೇನರ್ ಗೋಡೌನಿಗೆ ಬಂದಾಗ ನಮ್ಮ ಹತ್ರ ಒಂದು ಹಾಳೆ ಇರುತ್ತೆ, ಸಪ್ಲೈಯರ್ ಸಹಿ ಮಾಡಿರೋದು, ಆರ್ಡರಿಗೆ ಮುಂಚೇನೇ. ಮೈನಸ್ 18 ಅಥವಾ ಅದಕ್ಕಿಂತ ತಂಪಿದ್ರೆ ಒಳಗೆ. ಮೈನಸ್ 15ರವರೆಗೆ ಇದ್ರೆ ಬೇರೆ ಜಾಗದಲ್ಲಿ ಹೋಲ್ಡ್, ಲಾಗರ್ ನೋಡಿ ತೀರ್ಮಾನ. ಅದಕ್ಕಿಂತ ಬಿಸಿ ಇದ್ರೆ ಸರ್ವೇಯರ್ (ಹಾನಿ ನೋಡಿ ರಿಪೋರ್ಟ್ ಕೊಡೋ ತಪಾಸಣೆಗಾರ) ಬರೋವರೆಗೆ ಇಳಿಸೋದಿಲ್ಲ, ಮೈನಸ್ 12ಕ್ಕಿಂತ ಬಿಸಿ ಇದ್ರೆ ಮಾತೇ ಇಲ್ಲ, ಬೇಡ ಅಂತಲೇ. ಈ ನಂಬರುಗಳನ್ನ ಬಾಗಿಲು ತೆಗೆದ್ಮೇಲೆ ಚರ್ಚೆ ಮಾಡೋಕೆ ಕೂತ್ರೆ ಗಿರಾಕಿ ಫೋನೇ ಗೆಲ್ಲೋದು. ಅಳೆಯೋದು ಪ್ರೋಬ್ ಥರ್ಮಾಮೀಟರಲ್ಲಿ, ಎರಡು ಪ್ಯಾಕೆಟ್ ಮಧ್ಯೆ ಒತ್ತಿ ಇಟ್ಟು ಮುಳ್ಳು ನಿಲ್ಲೋವರೆಗೆ ಕಾದು. ಇನ್‌ಫ್ರಾರೆಡ್ ಗನ್ ಬಾಕ್ಸಿನ ಮೈ ಮಾತ್ರ ನೋಡುತ್ತೆ, ಅದರ ಮೇಲೆ ನಂಬಿಕೆ ಬೇಡ. ಪ್ರೋಬನ್ನ ಪುಡಿ ಮಂಜುಗಡ್ಡೆ ನೀರಲ್ಲಿಟ್ಟು ಸೊನ್ನೆ ತೋರಿಸುತ್ತಾ ಅಂತ ನೋಡ್ಕೊಳ್ತಾ ಇರ್ಬೇಕು. ಆಮೇಲೆ ಕೈ ಕೆಲಸ: ಪ್ಯಾಕೆಟ್ ಅಲ್ಲಾಡಿಸಿದ್ರೆ ಐಕ್ಯೂಎಫ್ (ಒಂದೊಂದಾಗಿ ಬಿಡಿಬಿಡಿಯಾಗಿ ಫ್ರೀಜ್ ಮಾಡಿದ) ಬಟಾಣಿ ಗೋಲಿ ಥರ ಸದ್ದು ಮಾಡ್ಬೇಕು, ಒಂದೇ ಗಟ್ಟಿ ಮುದ್ದೆಯಾಗಿದ್ರೆ, ಒಳಗೆ ದಪ್ಪ ಐಸ್ ಹರಳು ಕೂತಿದ್ರೆ, ಬಾಕ್ಸಿನ ಮೇಲೆ ನೀರು ಒಣಗಿದ ಕಲೆ ಇದ್ರೆ, ಥರ್ಮಾಮೀಟರ್ ಈಗ ಏನು ತೋರಿಸಿದ್ರೂ ಹೋಲ್ಡ್‌ಗೆ ಹೋಗುತ್ತೆ.

ಇನ್ಶೂರೆನ್ಸ್ ಇದ್ಯಲ್ಲ ಅಂತ ಧೈರ್ಯವಾಗಿರಬೇಡಿ, ಪಾಲಿಸಿ ಪೂರ್ತಿ ಓದಿ. ಕೆಲವು ಪಾಲಿಸಿಯಲ್ಲಿ ರೀಫರ್ ಮಷೀನು ಸತತ 24 ಗಂಟೆ ನಿಂತಿದ್ರೆ ಮಾತ್ರ ಕ್ಲೇಮ್, ಆರು ಗಂಟೆ ನಾಲ್ಕು ಸಲ ನಿಂತಿದ್ರೆ ಏನೂ ಸಿಗಲ್ಲ. ತರಕಾರಿಗೆ ಮಾತ್ರ ಆ ನಾಲ್ಕೂ ಸಲ ಲೆಕ್ಕಕ್ಕೆ ಬರುತ್ತೆ, ಬಿಸಿ ಏರಿದಾಗೆಲ್ಲ ಆದ ನಷ್ಟ ಒಂದರ ಮೇಲೊಂದು ಕೂಡ್ತಾ ಹೋಗುತ್ತೆ, ಮತ್ತೆ ತಂಪಾದ್ರೆ ಅಳಿಸಿಹೋಗಲ್ಲ.

ಬೇಡ ಅನ್ನೋ ತಾಕತ್ತು ಎಲ್ಲಿಂದ ಬಂತು ಅಂದ್ರೆ ಸ್ಟಾಕಿಂದ, ಬೇರೇನಿಲ್ಲ. ಯುರೋಪಲ್ಲಿ ಬಟಾಣಿ ಕೊಯ್ಲು ಜೂನ್ ಜುಲೈ ಆಸುಪಾಸು, ನ್ಯೂಜಿಲೆಂಡಲ್ಲಿ ಡಿಸೆಂಬರ್ ಜನವರಿ ಆಸುಪಾಸು, ಎರಡೂ ಕಡೆ ಕಾಂಟ್ರಾಕ್ಟ್ ಇಟ್ಕೊಂಡ್ರೆ ಒಂದು ಕಡೆ ಬೆಳೆ ಹೋದ್ರೂ ಹಡಗು ತಡ ಆದ್ರೂ ಉಸಿರಾಡಬಹುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಅವು ಆಫ್ರಿಕಾ ಸುತ್ತಿ ಬರೋಕೆ ಶುರುಮಾಡಿದಾಗ ಈ ಏರ್ಪಾಡೇ ಕೈ ಹಿಡೀತು. ಒಂದು ಕಂಟೇನರಿನಷ್ಟು ಹೆಚ್ಚುವರಿ ಸ್ಟಾಕಿನ ಕೋಲ್ಡ್ ಸ್ಟೋರೇಜ್ ಬಾಡಿಗೆಯನ್ನ ನಾನು ಖರ್ಚು ಅಂತ ನೋಡಲ್ಲ, ನಮ್ಮ ಅಕೌಂಟೆಂಟ್ ನೋಡ್ತಾರೆ, ಈ ಜಗಳ ಇನ್ನೂ ಮುಗಿದಿಲ್ಲ.

ಸಾವಿರಾರು ಕಿಲೋಮೀಟರ್ ಸರಿಯಾಗಿ ಬಂದಿದ್ದು ಕೊನೇ ಕೆಲವು ಕಿಲೋಮೀಟರಲ್ಲಿ ಕೆಡುತ್ತೆ. ವ್ಯಾನು ಪ್ರತಿ ಅಂಗಡಿ ಮುಂದೆ ಬಾಗಿಲು ತೆಗೆಯುತ್ತೆ, ಅದಕ್ಕೆ ಕೊನೇ ಡೆಲಿವರಿ ಮೊದಲು ಲೋಡ್ ಮಾಡಿ, ಮೊದಲ ಡೆಲಿವರಿ ಬಾಗಿಲ ಹತ್ರ ಬರೋ ಹಾಗೆ ಜೋಡಿಸ್ತೀವಿ, ಸ್ಟ್ರಿಪ್ ಕರ್ಟನ್ (ಪ್ಲಾಸ್ಟಿಕ್ ಪಟ್ಟಿಗಳ ಪರದೆ) ಹಾಕಿಸಿದೀವಿ, ಚಿಲ್ಡ್ (ಫ್ರೀಜ್ ಮಾಡದೇ ಬರೀ ತಂಪಾಗಿಡೋ) ಸಾಮಾನಿನ ಜೊತೆ ಒಂದೇ ಚೇಂಬರಲ್ಲಿ ಕಳಿಸಲ್ಲ. ಅಂಗಡಿಯವರು ಸಹಿ ಹಾಕೋಕೆ ಮ್ಯಾನೇಜರ್ ಹುಡುಕ್ತಾ ಬಾಕ್ಸುಗಳನ್ನ ಹೊರಗೇ ಬಿಡ್ತಾರೆ, ಅದಕ್ಕೆ ಡ್ರೈವರಿಗೆ ಹೇಳಿರೋದು, ಫ್ರೀಜರ್ ತೆರೆದು ಜಾಗ ತೋರಿಸೋವರೆಗೆ ಇಳಿಸಬೇಡಪ್ಪ, ಲೇಟಾದ್ರೆ ವಾಪಸ್ ಬಾ, ನಾನು ಮಾತಾಡ್ಕೊತೀನಿ ಅಂತ. ಅಂಗಡಿಯ ಫ್ರೀಜರಿಗೆ ಒಂದು ಸಲ ಹೋಗಿದ್ದು ವಾಪಸ್ ಬಂದ್ರೆ ಸ್ಟಾಕಿಗೆ ಸೇರಿಸಲ್ಲ, ನೇರ ನಾಶಕ್ಕೆ, ಯಾಕಂದ್ರೆ ರಾತ್ರಿ ಅಲ್ಲಿ ಕರೆಂಟ್ ಇತ್ತಾ ಇಲ್ವಾ ಅಂತ ನನಗೆ ಯಾರೂ ಹೇಳಲ್ಲ. ಸ್ಟಾಕ್ ಹೊರಗೆ ಹೋಗೋದು ಬಂದ ತಾರೀಖಿನ ಪ್ರಕಾರ ಅಲ್ಲ, ಎಕ್ಸ್‌ಪೈರಿ ಪ್ರಕಾರ. ಪ್ರತಿ ಬಿಲ್ಲಲ್ಲೂ ಲಾಟ್ ನಂಬರ್ ಇರುತ್ತೆ, ಆಗಾಗ ಒಂದು ಲಾಟ್ ಸುಮ್ನೆ ಆರಿಸಿ ಇದು ಯಾರ್ಯಾರಿಗೆ ಹೋಗಿದೆ, ಎಷ್ಟು ಉಳಿದಿದೆ ಅಂತ ಆಫೀಸಿನವರಿಗೆ ಹುಡುಕೋಕೆ ಹೇಳ್ತೀನಿ, ಮಧ್ಯಾಹ್ನದ ಊಟದ ಒಳಗೆ ಲೆಕ್ಕ ಸಿಗ್ಲಿಲ್ಲ ಅಂದ್ರೆ ಆವತ್ತು ಬೇರೆ ಯಾವ ಕೆಲಸಕ್ಕೂ ಬಿಡಲ್ಲ.