ರೈತ ಸಂತೆಯಲ್ಲಿ ಜಾಗ ಬೇಕೆ? ಮೊದಲು ಪಹಣಿಯ ಹನ್ನೆರಡನೇ ಕಾಲಂ ನೋಡಿ

ನಮ್ಮ ರೈತ ಸಂತೆಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಮೇಜಿನ ಹಿಂದೆ ನಾಲ್ಕು ವರ್ಷ ಕುಳಿತಿದ್ದೇನೆ. ಪಡಿತರ ಚೀಟಿಯ ಜೆರಾಕ್ಸ್, ಬೆಳೆ ಸಾಲದ ಪಾಸ್‌ಬುಕ್, ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಬರೆದ ತರಕಾರಿ ಪಟ್ಟಿ, ಎಲ್ಲವೂ ಆ ಮೇಜಿನ ಮೇಲೆ ಬಂದುಹೋಗಿವೆ. ಬೇಸರವೆಂದರೆ, ಹಿಂದಿರುಗಿ ಹೋದವರಲ್ಲಿ ಹೆಚ್ಚಿನವರು ನಿಜವಾಗಿ ಬೆಳೆದವರೇ. ಮಂಡಿಯಿಂದ ಕ್ರೇಟು ಎತ್ತಿ ತರುವ ವ್ಯಾಪಾರಿಯ ಕಡತ ಮಾತ್ರ ಯಾವಾಗಲೂ ಅಚ್ಚುಕಟ್ಟಾಗಿರುತ್ತದೆ!

ನಾನು ಹೇಳುತ್ತಿರುವುದು ನಗರಗಳಲ್ಲಿ ವಾರಕ್ಕೋ ತಿಂಗಳಿಗೋ ಒಮ್ಮೆ ನಡೆಯುವ, ಬೆಳೆದವರೇ ಕುಳಿತು ಮಾರಬೇಕೆಂಬ ನಿಯಮವಿರುವ ಸಂತೆಗಳ ಬಗ್ಗೆ. ಊರಿನ ವಾರದ ಸಂತೆಗೆ ಈ ತಾಪತ್ರಯವಿಲ್ಲ. ಅಲ್ಲಿ ಸುಂಕದ ಚೀಟಿ ಹರಿಸಿಕೊಂಡು ಗೋಣಿ ಹಾಸಿದರೆ ಮುಗಿಯಿತು.

ಒಂದು: ನಿಯಮದ ಹಾಳೆ ತೆಗೆದುಕೊಳ್ಳಿ

ಒಂದೊಂದು ಸಂತೆಗೆ ಒಂದೊಂದು ಕಟ್ಟಳೆ. ಪಕ್ಕದ ಮನೆಯವರ ಹೊಲದ್ದನ್ನೂ ತರಬಹುದೇ, ಎಷ್ಟು ದೂರದವರಿಗೆ ಅವಕಾಶವಿದೆ, ಮನೆಯವರು ಬದಲಿಗೆ ಕುಳಿತುಕೊಳ್ಳಬಹುದೇ ಎಂಬ ಮೂರನ್ನು ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.

ಎರಡು: ‘ನಾನೇ ಬೆಳೆದದ್ದು’ ಎಂದು ತೋರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ನಾಡಕಚೇರಿಯಿಂದಲೋ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಿಂದಲೋ ಈ ಸಾಲಿನ ಪಹಣಿ, ಅಂದರೆ ಜಮೀನು ಯಾರದು, ಬೆಳೆ ಏನು ಎಂದು ತೋರಿಸುವ ದಾಖಲೆ ತೆಗೆಸಿ. ಜನ ತಮ್ಮ ಹೆಸರನ್ನು ಒಂಬತ್ತನೇ ಕಾಲಂನಲ್ಲಿ ಹುಡುಕಿ, ಇದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಮಾಲೀಕರ ಕಾಲಂ. ಸಂತೆಯವರ ಕಣ್ಣು ಹೋಗುವುದು ಹನ್ನೆರಡಕ್ಕೆ. ಸಾಗುವಳಿ ಮಾಡುವವರು ಯಾರು, ಬೆಳೆ ಏನು ಎಂಬುದು ಅಲ್ಲಿರುತ್ತದೆ. ನೀವು ಬದನೆ, ಬೀನ್ಸ್ ಮಾರಲು ಬಂದಿದ್ದೀರಿ, ಹನ್ನೆರಡರಲ್ಲಿ ಬರೀ ‘ರಾಗಿ’ ಎಂದಿದೆ ಎಂದರೆ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಮದ್ದು ಸರ್ಕಾರದ ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ, ಯಾವ ಹಂಗಾಮೇ ಇರಲಿ, ಮೊಬೈಲ್ ಆ್ಯಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ದಾಖಲಿಸಿ. ಮನೆಯ ಜಗಲಿಯಲ್ಲಿ ಕುಳಿತು ದಾಖಲಿಸಲಾಗದು, ಅದು ನೀವು ನಿಂತ ಜಾಗವನ್ನೂ ನೋಡುತ್ತದೆ. ಬೇರೆಯವರು ಬಂದು ತಪ್ಪು ಬೆಳೆ ದಾಖಲಿಸಿ ಹೋಗಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪ ಸಲ್ಲಿಸಬಹುದು. ಅರ್ಧ ಎಕರೆ ತರಕಾರಿಯನ್ನು ಮೂಲೆಗೆ ಹಾಕಿ ‘ಅದೇನು ದೊಡ್ಡದು’ ಎಂದು ಬಿಡುವವರೇ ಹೆಚ್ಚು. ಸಂತೆಗೆ ಬೇಕಾದದ್ದು ಆ ಅರ್ಧ ಎಕರೆಯೇ.

ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆಯೇ? ನನ್ನ ಮೇಜಿಗೆ ಬಂದ ಅರ್ಜಿಗಳಲ್ಲಿ ಇಂಥವು ರಾಶಿ ರಾಶಿ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗುವವರೆಗೆ ಕಾಯಬೇಡಿ, ಅಣ್ಣತಮ್ಮಂದಿರ ಮನಸ್ಸು ಕೂಡಿಬರುವಷ್ಟರಲ್ಲಿ ಎರಡು ಹಂಗಾಮು ಕಳೆದಿರುತ್ತದೆ. ವಂಶವೃಕ್ಷ ಮತ್ತು ಉಳಿದ ಪಾಲುದಾರರ ಒಂದು ಒಪ್ಪಿಗೆ ಪತ್ರ ಇಟ್ಟರೆ ಬುದ್ಧಿಯಿರುವ ಯಾವ ಸಂತೆ ಸಮಿತಿಯಾದರೂ ಒಪ್ಪುತ್ತದೆ. ಹೊಲ ಗಂಡನ ಹೆಸರಿನಲ್ಲಿದ್ದು ಕಳೆ ಕೀಳುವುದರಿಂದ ಕಟ್ಟು ಕಟ್ಟುವವರೆಗೆ ಹೆಂಡತಿಯೇ ಮಾಡುವ ಮನೆಗಳಲ್ಲಿ, ಮಾರಾಟಗಾರರ ಹೆಸರಿನ ಜಾಗದಲ್ಲಿ ಆಕೆಯ ಹೆಸರನ್ನೇ ಬರೆಯಿರಿ. ಗಂಡನ ಹೆಸರು ಬರೆದು ಆಕೆಯನ್ನು ಕೂರಿಸಿದರೆ ತಪಾಸಣೆಯ ದಿನ ಅನವಶ್ಯಕ ಜಗಳ.

ಇನ್ನು ಬೇರೆಯವರ ಹೊಲವನ್ನು ಗುತ್ತಿಗೆಗೆ, ಕೋರಿಗೆ (ಬೆಳೆಯ ಪಾಲಿಗೆ) ಮಾಡುವವರು. ಇವರ ಪಾಡು ನಿಜಕ್ಕೂ ಕಷ್ಟದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ನಿಷೇಧವಿದೆ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಊರೂರಿನಲ್ಲಿ ಬಾಯಿಮಾತಿನ ಗುತ್ತಿಗೆ ನಡೆಯುತ್ತಲೇ ಇದ್ದರೂ ಕಾಗದ ಮಾಡಿಕೊಡಲು ಮಾಲೀಕರು ಹೆದರುತ್ತಾರೆ. ಆಗ ಜನ ಏನು ಮಾಡುತ್ತಾರೆ? ಛಾಪಾ ಕಾಗದದ ಮೇಲೆ ಯಾರದೋ ಸಹಿಯ ಕರಾರು ತಂದು ಇಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಸುಳ್ಳು ಸಹಿ ಒಂದು ಸಲ ಸಿಕ್ಕಿಬಿದ್ದರೆ ಮುಂದೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿ, ‘ಹೊಲಕ್ಕೆ ಬಂದು ನೋಡಿ’ ಎಂದು ಸಮಿತಿಯನ್ನೇ ಕರೆಯಿರಿ.

ಹೊಲಕ್ಕೆ ಬಂದವರು ನೋಡುವುದು ಎರಡನ್ನೇ. ನೀವು ಬರೆದ ಬೆಳೆ ಅಲ್ಲಿದೆಯೇ, ನೀವು ಹೇಳಿದ ಪ್ರಮಾಣ ಅಷ್ಟು ಜಾಗದಲ್ಲಿ ಬರುತ್ತದೆಯೇ. ಹತ್ತು ಗುಂಟೆ ಎಂದರೆ ಎಕರೆಯ ಕಾಲು ಭಾಗ. ಅಷ್ಟರಲ್ಲಿ ಹದಿನೈದು ಬಗೆಯ ತರಕಾರಿಯನ್ನು ವಾರ ವಾರವೂ ಚೀಲಗಟ್ಟಲೆ ತರುತ್ತೇನೆ ಎಂದು ಬರೆದವರನ್ನು ನಾನೇ ನಗುತ್ತಾ ವಾಪಸು ಕಳಿಸಿದ್ದೇನೆ. ಬಿತ್ತಿದ ದಿನ, ಬೀಜ ಕೊಂಡ ರಸೀದಿ, ಕಿತ್ತ ಲೆಕ್ಕ ಇಷ್ಟನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರೆ ಸಾಕು. ಅಂಥ ಮಣ್ಣು ಮೆತ್ತಿದ ಪುಸ್ತಕದ ಮುಂದೆ ಯಾವ ಸರ್ಟಿಫಿಕೇಟೂ ನಿಲ್ಲುವುದಿಲ್ಲ.

ಮೂರು: ಎಫ್‌ಐಡಿ (ರೈತರ ಗುರುತಿನ ಸಂಖ್ಯೆ)

ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ‘ಫ್ರೂಟ್ಸ್’ ಎಂಬ ಸರ್ಕಾರಿ ರೈತ ದತ್ತಾಂಶದಲ್ಲಿ ನೋಂದಣಿ ಮಾಡಿಸಿ, ಸಿಗುವ ಎಫ್‌ಐಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಿರಿ.

ನಾಲ್ಕು: ಒಲೆ ಹತ್ತಿಸಿದಿರಾ?

ಸೊಪ್ಪು, ಕಾಯಿ, ಹಣ್ಣು, ಕಾಳನ್ನು ಬೆಳೆದ ಹಾಗೆಯೇ ತಂದು ಮಾರುವ ರೈತನಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಬೇಡ. ಅದೇ ಹಪ್ಪಳ, ಉಪ್ಪಿನಕಾಯಿ, ಹುರಿಹಿಟ್ಟು, ತುಪ್ಪ ಮಾಡಿದರೆ ಬೇಕು. ಹಾಲಿನವರಿಗೆ ಒಂದು ಮಾತು: ಪೂರ್ತಿ ಹಾಲನ್ನು ಸಂಘದ ಡೇರಿಗೇ ಹಾಕುವ ಸದಸ್ಯರಿಗೆ ವಿನಾಯಿತಿ ಇದೆ, ಉಳಿಸಿಕೊಂಡು ಬೆಣ್ಣೆ ತೆಗೆದು ಸಂತೆಗೆ ತಂದರೆ ಇಲ್ಲ. ಸಣ್ಣ ತಯಾರಕರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ ಸರ್ಕಾರಿ ಶುಲ್ಕ ವರ್ಷಕ್ಕೆ ಕೇವಲ 100 ರೂಪಾಯಿ. ‘ಲೈಸೆನ್ಸ್ ಮಾಡಿಸಿಕೊಡುತ್ತೇವೆ’ ಎಂದು ಸಾವಿರಗಟ್ಟಲೆ ಕೇಳುವ ಏಜೆಂಟರಿಂದ ದೂರವಿರಿ. ಆ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಕಾಲೇಜಿಗೆ ಹೋಗುವ ಮಗಳು ಮಧ್ಯಾಹ್ನದೊಳಗೆ ಅರ್ಜಿ ತುಂಬುತ್ತಾಳೆ. ಬರುವ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಲೇಬೇಕು.

ಗಾಣದ ಎಣ್ಣೆಯವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ಕ್ಯಾನಿನಿಂದ ಅಳೆದು ಬಿಡಿ ಎಣ್ಣೆ ಮಾರುವಂತಿಲ್ಲ, ಮುಚ್ಚಿ ಲೇಬಲ್ ಹಾಕಿದ ಬಾಟಲಿಯೇ ಆಗಬೇಕು.

ಐದು: ತಕ್ಕಡಿ

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಅಡುಗೆಮನೆಯ ಪುಟ್ಟ ತೂಕದ ಯಂತ್ರವನ್ನು ಸಂತೆಗೆ ತರಬೇಡಿ. ಅದಕ್ಕೆ ಇಲಾಖೆಯ ಮುದ್ರೆ ಬೀಳುವುದಿಲ್ಲ, ಬಿಸಿಲಿಗೆ ಇಟ್ಟರೆ ಅಂಕಿಯೂ ಕುಣಿಯುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯೇ ಬೇಕು. ಎಲೆಕ್ಟ್ರಾನಿಕ್ ಆದರೆ ವರ್ಷಕ್ಕೊಮ್ಮೆ, ಕೈತಕ್ಕಡಿ ಮತ್ತು ತೂಕದ ಬಟ್ಟುಗಳಾದರೆ ಎರಡು ವರ್ಷಕ್ಕೊಮ್ಮೆ ಮತ್ತೆ ಮುದ್ರೆ ಹಾಕಿಸಬೇಕು. ಬಟ್ಟಿನ ಬದಲಿಗೆ ಕಲ್ಲು ಇಟ್ಟು ತೂಗುವವರನ್ನು ಈಗಲೂ ನೋಡುತ್ತೇನೆ. ಸೊಪ್ಪು ಮಾತ್ರವಾದರೆ ತಕ್ಕಡಿಯ ಗೊಡವೆಯೇ ಬೇಡ, ಕಟ್ಟಿನ ಲೆಕ್ಕದಲ್ಲಿ ಮಾರಿ.

ಆರು: ‘ಸಾವಯವ’ ಎಂಬ ಪದ

ಮುದ್ರಣದಂಗಡಿಗಳಲ್ಲಿ ಹಸಿರು ಬಣ್ಣದ ‘ನೂರಕ್ಕೆ ನೂರು ಆರ್ಗ್ಯಾನಿಕ್’ ಸ್ಟಿಕ್ಕರ್ ಸುರುಳಿಗಟ್ಟಲೆ ಸಿಗುತ್ತದೆ. ಕೊಳ್ಳಬೇಡಿ. ತಿನ್ನುವವರಿಗೇ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ 2017ರ ಸಾವಯವ ಆಹಾರ ನಿಯಮಗಳಲ್ಲಿ ಪ್ರಮಾಣಪತ್ರದಿಂದ ವಿನಾಯಿತಿ ಇದೆ ನಿಜ, ಆದರೆ ಪ್ರಮಾಣಿತ ಸಾವಯವ ಆಹಾರದ ಗುರುತಾದ ‘ಜೈವಿಕ ಭಾರತ’ ಲಾಂಛನವನ್ನು ಹಾಗೆಯೇ ಅಂಟಿಸಿಕೊಳ್ಳುವಂತಿಲ್ಲ. ಪ್ರಮಾಣಪತ್ರ ಬೇಕೇ ಬೇಕೆಂದರೆ ನನ್ನ ಸಲಹೆ ಪಿಜಿಎಸ್. ಅಕ್ಕಪಕ್ಕದ ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಅದು. ಪರಿವರ್ತನೆಯ ಹಂತದಲ್ಲಿ ‘ಪಿಜಿಎಸ್ ಗ್ರೀನ್’, ಪೂರ್ತಿಯಾದ ಮೇಲೆ ‘ಪಿಜಿಎಸ್ ಆರ್ಗ್ಯಾನಿಕ್’. ಹೊರಗಿನ ಸಂಸ್ಥೆಗೆ ದುಬಾರಿ ಶುಲ್ಕ ಕಟ್ಟುವುದು ರಫ್ತು ಮಾಡುವವರ ಕೆಲಸ, ಕೊತ್ತಂಬರಿ ಮಾರುವವರದಲ್ಲ. ಮಾವಿನವರು ಕಾರ್ಬೈಡ್ ಪೊಟ್ಟಣವನ್ನು ಬುಟ್ಟಿಯ ತಳದಲ್ಲಿ ಬಚ್ಚಿಟ್ಟು ‘ಸಾವಯವ’ ಎನ್ನುವುದನ್ನಂತೂ ಬಿಡಬೇಕು. ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದೇ ನಿಷಿದ್ಧ.

ಸಂತೆಯ ದಿನ

ಮೂಲ ದಾಖಲೆಗಳನ್ನು ಮನೆಯಲ್ಲಿಟ್ಟು ನಕಲನ್ನು ಮಾತ್ರ ತನ್ನಿ, ಒದ್ದೆ ಸೊಪ್ಪಿನ ಕೆಳಗೆ ಸಿಕ್ಕಿ ಹಾಳಾದ ಪಹಣಿಗಳನ್ನು ಬಹಳ ಕಂಡಿದ್ದೇನೆ. ಪ್ಲಾಸ್ಟಿಕ್ ಕೈಚೀಲ 2016ರಿಂದ ರಾಜ್ಯದಲ್ಲಿ ನಿಷೇಧವಾಗಿದೆ, ಬಾಳೆನಾರು ಇಟ್ಟುಕೊಳ್ಳಿ. ಬೆಲೆಯನ್ನು ಫ್ಲೆಕ್ಸ್‌ನಲ್ಲಿ ಅಚ್ಚು ಹಾಕಿಸಬೇಡಿ, ಸ್ಲೇಟು ಬಳಪ ಸಾಕು, ಹನ್ನೊಂದು ಗಂಟೆಗೆ ಬಿಸಿಲೇರಿ ಸೊಪ್ಪು ಬಾಡಿದಾಗ ಅಳಿಸಿ ಬರೆಯಬೇಕಾಗುತ್ತದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನನ್ನ ಮೇಜಿನ ಮುಂದೆ ನಿಂತು ಹಾಗೆ ಕೇಳಿದವರು ನಾಲ್ಕು ವರ್ಷದಲ್ಲಿ ಇಬ್ಬರೇ, ಮುಂದಿನ ತಿಂಗಳು ಇಬ್ಬರಿಗೂ ಜಾಗ ಸಿಕ್ಕಿತು.